ಪದ ಪರಿಚಯ: ಸರ್ಕಾರಿ ಕಚೇರಿ ಸ್ಥಳಾವಕಾಶದ ಆಡಳಿತ ಮತ್ತು ನಿರ್ವಹಣೆ

ಸರ್ಕಾರದ ಇಲಾಖೆಯೊಂದು ತನ್ನ ಕೆಲಸಕ್ಕೆ ಬಳಸುವ ಕಟ್ಟಡ, ಕೊಠಡಿ, ಕಡತಗಳ ಕೋಣೆ, ಜನರು ಕಾಯುವ ಪಡಸಾಲೆ, ವಾಹನ ನಿಲ್ಲಿಸುವ ಜಾಗ ಇವೆಲ್ಲ ಸೇರಿ ಕಚೇರಿ ಸ್ಥಳಾವಕಾಶ ಎನಿಸಿಕೊಳ್ಳುತ್ತವೆ. ಅದು ಸ್ವಂತ ಕಟ್ಟಡವಾಗಿರಬಹುದು, ಖಾಸಗಿಯವರಿಂದ ಬಾಡಿಗೆಗೆ ಹಿಡಿದದ್ದಾಗಿರಬಹುದು, ಮತ್ತೊಂದು ಇಲಾಖೆ ಬಿಟ್ಟುಕೊಟ್ಟ ಎರಡು ಕೋಣೆಗಳೂ ಆಗಿರಬಹುದು. ಯಾವ ಕಚೇರಿ ಎಲ್ಲಿರಬೇಕು, ಅದಕ್ಕೆ ಎಷ್ಟು ಜಾಗ ಬೇಕು, ಹೊಸದಾಗಿ ಕಟ್ಟಬೇಕೋ ಬಾಡಿಗೆಗೆ ಹಿಡಿಯಬೇಕೋ, ಹಣ ಬಜೆಟ್ಟಿನ ಯಾವ ಲೆಕ್ಕ ಶೀರ್ಷಿಕೆಯಿಂದ, ಅಂದರೆ ಯಾವ ಖರ್ಚಿನ ಬಾಬಿನಿಂದ ಬರಬೇಕು ಎಂದು ತೀರ್ಮಾನಿಸುವುದು ಆಡಳಿತದ ಹೊಣೆ. ತೀರ್ಮಾನವಾದ ಮೇಲೆ ಆ ಜಾಗವನ್ನು ದಿನದಿನವೂ ಬಳಸುವಂತೆ ಇಟ್ಟುಕೊಳ್ಳುವುದು ನಿರ್ವಹಣೆಯ ಹೊಣೆ. ಮೊದಲನೆಯದಕ್ಕೆ ಆದೇಶವಿರುತ್ತದೆ, ಸಹಿ ಇರುತ್ತದೆ. ಎರಡನೆಯದು ಎಷ್ಟೋ ಕಡೆ ಯಾವ ಕಾಗದದ ಮೇಲೂ ಬರುವುದಿಲ್ಲ. ಕಚೇರಿಗೆ ಬರುವ ಜನರು ಅನುಭವಿಸುವ ತೊಂದರೆಯ ಬಹುಪಾಲು ಅಲ್ಲಿಯೇ ಹುಟ್ಟುತ್ತದೆ.

ನಮ್ಮ ಭಾಗದಲ್ಲಿ ಈ ಪ್ರಶ್ನೆ ಪದೇ ಪದೇ ಎದುರಾಗಿದೆ. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಗದಗ ಮತ್ತು ಹಾವೇರಿ ಬೇರೆಯಾದಾಗ ಎರಡೂ ಊರುಗಳಲ್ಲಿ ಜಿಲ್ಲಾ ಮಟ್ಟದ ಕಚೇರಿಗಳಿಗೆಲ್ಲ ಹೊಸದಾಗಿ ಜಾಗ ಬೇಕಾಯಿತು. ಹಾವೇರಿಯ ಜಿಲ್ಲಾಡಳಿತ ಈಗ ಊರಿಗೆ ಹೊಂದಿಕೊಂಡ ದೇವಗಿರಿಯಲ್ಲಿದೆ. ಮುಂದೆ ಅಣ್ಣಿಗೇರಿ, ಅಳ್ನಾವರ, ಹುಬ್ಬಳ್ಳಿ ನಗರ, ಗಜೇಂದ್ರಗಡ, ಲಕ್ಷ್ಮೇಶ್ವರ, ರಟ್ಟಿಹಳ್ಳಿ ತಾಲ್ಲೂಕುಗಳಾದಾಗ ಅದೇ ಕೆಲಸ ಸಣ್ಣ ಪ್ರಮಾಣದಲ್ಲಿ ಮತ್ತೆ ಎದುರಾಯಿತು. ತಾಲ್ಲೂಕು ಆದೇಶದಿಂದ ಹುಟ್ಟುತ್ತದೆ, ಕಚೇರಿಗೆ ಮಾತ್ರ ಗೋಡೆ ಬೇಕು, ಚಾವಣಿ ಬೇಕು.

ಸ್ವಂತ ಕಟ್ಟಡವಿಲ್ಲದಿದ್ದರೆ ಬಾಡಿಗೆಯ ದಾರಿ ಉಳಿಯುತ್ತದೆ. ಇಲಾಖೆಯ ಅಧಿಕಾರಿ ಮಾಲೀಕರೊಡನೆ ಮಾತಾಡಿ ಬಾಡಿಗೆ ಒಪ್ಪಿಕೊಂಡುಬಿಡುವಂತಿಲ್ಲ. ಸರ್ಕಾರಿ ಕಟ್ಟಡ ಲಭ್ಯವಿಲ್ಲವೆಂಬುದು ಮೊದಲು ದೃಢಪಡಬೇಕು, ಬಾಡಿಗೆ ಯೋಗ್ಯವಾದದ್ದೇ ಎಂದು ಲೋಕೋಪಯೋಗಿ ಇಲಾಖೆ ಅಳತೆ ಮಾಡಿ ತಿಳಿಸಬೇಕು, ಬಳಿಕ ಮಂಜೂರಾತಿ ಬರಬೇಕು. ರಾಜ್ಯದ ಪರವಾಗಿ ಆಗುವ ಕರಾರು ಸಂವಿಧಾನದ 299ನೇ ವಿಧಿಯಂತೆ ರಾಜ್ಯಪಾಲರ ಹೆಸರಿನಲ್ಲಿ ಇರಬೇಕು. ಸಹಿ ಹಾಕಿದ ಅಧಿಕಾರಿ ಅದಕ್ಕೆ ವೈಯಕ್ತಿಕವಾಗಿ ಬದ್ಧನಾಗುವುದಿಲ್ಲ. ಒಂದು ವರ್ಷ ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆ ಅನ್ವಯಿಸುತ್ತದೆ. ಕರಾರಿನಲ್ಲಿ ಬಾಡಿಗೆಯ ಮೊತ್ತವನ್ನು ಎಲ್ಲರೂ ಎಚ್ಚರದಿಂದ ಓದುತ್ತಾರೆ. ಸುಣ್ಣಬಣ್ಣ ಯಾರು ಮಾಡಿಸಬೇಕು, ಬೋರ್‌ವೆಲ್ ಮೋಟರ್ ಸುಟ್ಟರೆ ಯಾರು ರಿಪೇರಿ ಮಾಡಿಸಬೇಕು ಎಂಬ ಸಾಲುಗಳನ್ನು ಅಷ್ಟೇ ಎಚ್ಚರದಿಂದ ಓದಬೇಕೆಂದು ನನಗೆ ಬಲವಾಗಿ ಅನಿಸುತ್ತದೆ, ಏಕೆಂದರೆ ಮುಂದಿನ ವರ್ಷಗಳ ಪತ್ರವ್ಯವಹಾರವೆಲ್ಲ ಆ ಸಾಲುಗಳ ಸುತ್ತಲೇ ನಡೆಯುತ್ತದೆ.

ಸ್ವಂತ ಕಟ್ಟಡಗಳಲ್ಲಿ ಲೋಕೋಪಯೋಗಿ ಇಲಾಖೆಯ ಪಾತ್ರ ದೊಡ್ಡದು. ಉತ್ತರ ಭಾಗದ ಸಂಪರ್ಕ ಮತ್ತು ಕಟ್ಟಡಗಳ ಮುಖ್ಯ ಇಂಜಿನಿಯರ್ ಕಚೇರಿ ಧಾರವಾಡದಲ್ಲಿದೆ. ಅದರ ಕೆಳಗೆ ವಿಭಾಗಕ್ಕೊಬ್ಬ ಕಾರ್ಯಪಾಲಕ ಇಂಜಿನಿಯರ್, ಉಪವಿಭಾಗಕ್ಕೊಬ್ಬ ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಇರುತ್ತಾರೆ. ಬಜೆಟ್ಟಿನಲ್ಲಿ ಸಾಮಾನ್ಯ ಕಚೇರಿ ಕಟ್ಟಡಗಳ ದುರಸ್ತಿ 2059ನೇ ಪ್ರಧಾನ ಶೀರ್ಷಿಕೆಯಡಿ, ಹೊಸ ನಿರ್ಮಾಣ 4059ರಡಿ ಬರುತ್ತದೆ. ನೌಕರರ ವಸತಿಗೃಹಗಳ ಲೆಕ್ಕ 2216ರದ್ದು. ವರ್ಷವರ್ಷವೂ ಮಾಡುವ ವಾರ್ಷಿಕ ದುರಸ್ತಿ ಬೇರೆ, ಅಗತ್ಯ ಬಿದ್ದಾಗ ಮಾಡುವ ವಿಶೇಷ ದುರಸ್ತಿ ಬೇರೆ. ಕಸ ಗುಡಿಸುವುದು, ಬಲ್ಬು ಬದಲಿಸುವುದು, ಕುಡಿಯುವ ನೀರು ತುಂಬಿಸುವುದು ಕಚೇರಿಯ ಸಾದಿಲ್ವಾರು ವೆಚ್ಚದಲ್ಲಿ, ಅಂದರೆ ದಿನನಿತ್ಯದ ಸಣ್ಣಪುಟ್ಟ ಖರ್ಚಿನಲ್ಲಿ ಆಗಬೇಕಾದ ಕೆಲಸ. ಹೀಗಾಗಿ ಮಳೆಗಾಲದಲ್ಲಿ ಚಾವಣಿ ಸೋರಿದರೆ ಇಂಜಿನಿಯರರಿಗೆ ಪತ್ರ ಬರೆಯಬೇಕು, ಸೋರಿದ ನೀರನ್ನು ಒರೆಸಲು ಕಚೇರಿಯ ಮುಖ್ಯಸ್ಥರೇ ವ್ಯವಸ್ಥೆ ಮಾಡಬೇಕು.

ಒಂದೇ ಸೂರಿನಡಿ ಹಲವು ಇಲಾಖೆಗಳಿದ್ದಾಗ ಈ ವಿಂಗಡಣೆ ನಿಜಕ್ಕೂ ಕಠಿಣವಾಗುತ್ತದೆ. ಜನ ಮಿನಿ ವಿಧಾನಸೌಧ ಎಂದು ಕರೆಯುವ ತಾಲ್ಲೂಕು ಕಟ್ಟಡವನ್ನೇ ನೋಡಿ: ತಹಶೀಲ್ದಾರರ ಕಚೇರಿ, ಭೂಮಾಪನ, ಉಪನೋಂದಣಿ, ಖಜಾನೆ ಅಕ್ಕಪಕ್ಕದಲ್ಲಿ ಇರಬಹುದು. ತಮ್ಮ ತಮ್ಮ ಕೋಣೆಗಳನ್ನು ಎಲ್ಲರೂ ಚೊಕ್ಕವಾಗಿ ಇಟ್ಟುಕೊಳ್ಳುತ್ತಾರೆ. ಮೆಟ್ಟಿಲು, ಶೌಚಾಲಯ, ಲಿಫ್ಟ್, ನೀರಿನ ಸಂಪು, ಜನರೇಟರಿನ ಡೀಸೆಲ್ ಯಾರವು? ಹೆಸ್ಕಾಂ ವಿದ್ಯುತ್ ಮೀಟರ್ ಒಂದೇ ಇದ್ದು ಬಿಲ್ಲು ಒಂದು ಇಲಾಖೆಯ ಹೆಸರಿಗೆ ಬರುತ್ತಿದ್ದರೆ ಉಳಿದವರ ಪಾಲನ್ನು ಯಾವ ಲೆಕ್ಕದಲ್ಲಿ ಹಾಕಬೇಕು? ಹಳ್ಳಿಯಿಂದ ಪಹಣಿಗೋ ಖರೀದಿ ಪತ್ರಕ್ಕೋ ಬಂದು ಮಧ್ಯಾಹ್ನದವರೆಗೂ ಕಾಯುವ ಹೆಣ್ಣುಮಗಳಿಗೆ ಬೀಗ ಹಾಕಿದ ಶೌಚಾಲಯ ಕಂಡರೆ ಅದು ಯಾವ ಇಲಾಖೆಯದೆಂಬುದರಿಂದ ಆಕೆಗೆ ಏನೂ ಆಗಬೇಕಾದ್ದಿಲ್ಲ. ಕಟ್ಟಡ ಹಸ್ತಾಂತರವಾಗುವ ದಿನವೇ ಸಾಮಾನ್ಯ ಜಾಗಗಳಿಗೆ ಒಬ್ಬ ಅಧಿಕಾರಿಯನ್ನು ಹೆಸರಿಸಿ, ಪ್ರತಿ ಇಲಾಖೆ ಬಳಸುವ ವಿಸ್ತೀರ್ಣಕ್ಕೆ ತಕ್ಕಂತೆ ಖರ್ಚಿನ ಪಾಲನ್ನು ಬರೆದಿಡುವುದಕ್ಕಿಂತ ಸರಳವಾದ ದಾರಿ ಇನ್ನೊಂದಿಲ್ಲ. ಹಸ್ತಾಂತರ ಪಟ್ಟಿಯಲ್ಲಿ ಬೀಗದಕೈ, ಫ್ಯಾನು, ಸ್ವಿಚ್ಚು, ನಲ್ಲಿಗಳ ಲೆಕ್ಕದ ಜೊತೆಗೆ ವೈರಿಂಗ್ ಮತ್ತು ಕೊಳವೆಗಳ ನಕ್ಷೆಯೂ ಇರಬೇಕು. ಆ ನಕ್ಷೆ ಕಳೆದುಹೋದರೆ ಮುಂದೆ ಒಂದು ಸೋರಿಕೆ ಹುಡುಕಲು ಗೋಡೆಯನ್ನೇ ಒಡೆಯಬೇಕಾಗುತ್ತದೆ.

ಕೋಣೆ ಹಂಚುವಾಗ ಆಡಳಿತ ಮತ್ತು ನಿರ್ವಹಣೆ ಜೊತೆಯಾಗಿ ಕೂತು ಮಾತಾಡಬೇಕಾದ ಇನ್ನೊಂದು ವಿಷಯ ಕಡತಗಳದು. ಕಂದಾಯ ಕಚೇರಿಯೆಂದರೆ ಕಟ್ಟುಕಟ್ಟು ಹಳೆಯ ದಾಖಲೆ. ನೆಲ ಎಷ್ಟು ಭಾರ ಹೊರಬೇಕೆಂದು ಹೇಳುವ ಭಾರತೀಯ ಮಾನಕ 875ರ ಎರಡನೆಯ ಭಾಗ, ಪ್ರತ್ಯೇಕ ಉಗ್ರಾಣವಿರುವ ಕಚೇರಿ ಕೋಣೆಗೆ ಚದರ ಮೀಟರಿಗೆ 2.5 ಕಿಲೋನ್ಯೂಟನ್, ಅಂದರೆ ಸುಮಾರು 250 ಕಿಲೋ ತೂಕವನ್ನು ಲೆಕ್ಕ ಹಿಡಿಯುತ್ತದೆ. ಕಡತಗಳನ್ನು ಜೋಡಿಸಿಡುವ ಕೋಣೆಗೆ ಅದರ ಇಮ್ಮಡಿ. ಮೊದಲ ಮಹಡಿಯಲ್ಲಿ ಮೇಜು ಕುರ್ಚಿಗೆಂದು ಕಟ್ಟಿದ ಕೋಣೆಯೊಂದು ಖಾಲಿ ಇದೆಯೆಂದು ಕಬ್ಬಿಣದ ರ‍್ಯಾಕುಗಳನ್ನು ಸಾಲಾಗಿ ನಿಲ್ಲಿಸಿ ಚಾವಣಿಯವರೆಗೂ ಕಡತ ತುಂಬಿದರೆ ಆ ನೆಲಕ್ಕೆ ಹೊರಲಾಗದ ಭಾರ ಹೊರಿಸಿದಂತೆ. ಅದನ್ನು ಇಂಜಿನಿಯರರನ್ನು ಕೇಳದೆ ಮಾಡಬಾರದು. ನೆಲಮಹಡಿಯಲ್ಲಿ ಇಟ್ಟರೆ ಭಾರದ ಚಿಂತೆಯಿಲ್ಲ, ಗೆದ್ದಲು ಮತ್ತು ತೇವದ ಚಿಂತೆ ಇದೆ: ರ‍್ಯಾಕು ಗೋಡೆಯಿಂದ ಗೇಣು ದೂರವಿರಬೇಕು, ಕಟ್ಟುಗಳು ನೆಲಕ್ಕೆ ತಾಗಬಾರದು.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ, ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ನಿಯಮಗಳು ಪ್ರಕಟವಾದ ಐದು ವರ್ಷದೊಳಗೆ ಎಲ್ಲರೂ ಬಳಸುವಂತೆ ಮಾಡಬೇಕೆಂದು ವಿಧಿಸಿತು. ನಿಯಮಗಳು 2017ರಲ್ಲೇ ಬಂದವು. ಇಳಿಜಾರು ಹಾದಿ ಕಟ್ಟಿಸುವುದು ಇಂಜಿನಿಯರರ ಕೆಲಸ, ಅದರ ಮೇಲೆ ಬೈಕು ನಿಲ್ಲದಂತೆ ನೋಡಿಕೊಳ್ಳುವುದು ಕಚೇರಿಯ ಕೆಲಸ.

ಕೇಂದ್ರ ಸರ್ಕಾರದ ಕಚೇರಿಗಳಿಗೆ ಏರ್ಪಾಡು ಬೇರೆಯಿದೆ. ಸಾಮಾನ್ಯ ಕಚೇರಿಗಳ ಹಂಚಿಕೆ ಎಸ್ಟೇಟ್ಸ್ ನಿರ್ದೇಶನಾಲಯದ್ದು, ದುರಸ್ತಿ 1854ರಲ್ಲಿ ಆರಂಭವಾದ ಕೇಂದ್ರ ಲೋಕೋಪಯೋಗಿ ಇಲಾಖೆಯದ್ದು. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ನೈರುತ್ಯ ರೈಲ್ವೆ ತನ್ನ ಕಟ್ಟಡಗಳನ್ನು ತನ್ನದೇ ಇಂಜಿನಿಯರರಿಂದ ನೋಡಿಕೊಳ್ಳುತ್ತದೆ.

ಜಾಗವನ್ನು ಬಿಡುವುದೂ ಈ ಹೊಣೆಯ ಭಾಗವೇ. ಬಾಡಿಗೆ ಕಟ್ಟಡ ತೆರವು ಮಾಡುವಾಗ ಕರಾರಿನಂತೆ ಮುಂಚಿತ ನೋಟಿಸು ಕೊಡಬೇಕು, ಮೀಟರ್ ರೀಡಿಂಗ್ ಬರೆದುಕೊಂಡು ಬಾಕಿ ತೀರಿಸಬೇಕು, ಬೀಗದಕೈ ಒಪ್ಪಿಸಿದ ದಿನಾಂಕಕ್ಕೆ ಮಾಲೀಕರ ಸಹಿ ಪಡೆಯಬೇಕು. ಆ ದಿನಾಂಕ ಸ್ಪಷ್ಟವಿಲ್ಲದಿದ್ದರೆ ಬಾಡಿಗೆ ಎಲ್ಲಿಯವರೆಗೆ ಸಲ್ಲಬೇಕೆಂಬ ತಕರಾರು ಉಳಿಯುತ್ತದೆ. ಸರ್ಕಾರದ ಸ್ವಂತ ಕಟ್ಟಡ ಖಾಲಿಯಾದರೆ ಅದನ್ನು ಲೋಕೋಪಯೋಗಿ ಇಲಾಖೆಗೋ ಮುಂದಿನ ಕಚೇರಿಗೋ ಬರಹದಲ್ಲೇ ಒಪ್ಪಿಸಬೇಕು. ಬೀಗ ಜಡಿದು ಹೊರಟುಹೋದ ಕಟ್ಟಡದಲ್ಲಿ ಬೇರೆಯವರು ಸೇರಿಕೊಂಡರೆ, ಅವರನ್ನು ತೆರವುಗೊಳಿಸಲು 1974ರ ಕರ್ನಾಟಕ ಸಾರ್ವಜನಿಕ ಆವರಣಗಳ ಕಾಯ್ದೆಯಡಿ ನೋಟಿಸು ಕೊಟ್ಟು ವಿಚಾರಣೆ ನಡೆಸಬೇಕಾಗುತ್ತದೆ.