ಒಂದು ಕುಂಡಕ್ಕೆ ನಾಲ್ಕು ಜನ ನೀರು ಹಾಕಿದರೆ

ಮನೆಮಂದಿಯೆಲ್ಲ ಸೇರಿ ತರಕಾರಿ ಬೆಳೆಯುತ್ತಿದ್ದೇವೆ, ಆದರೆ ಎಲೆ ಹಳದಿ ಆಗಿ ಗಿಡ ಜೋತು ಬೀಳುತ್ತಿದೆ, ಯಾವ ಗೊಬ್ಬರ ಹಾಕಬೇಕು ಅಂತ ಕೇಳಿಕೊಂಡು ಬರುವವರು ತುಂಬಾ ಜನ. ಮನೆ ತೋಟಗಳಿಗೆ ಸಲಹೆ ಕೊಡುವುದೇ ನನ್ನ ಕೆಲಸ. ಹಾಗಾಗಿ ಗೊಬ್ಬರದ ಮಾತಿಗೆ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮಲ್ಲಿ ನೀರು ಹಾಕುವವರು ಯಾರು? "ಎಲ್ಲರೂ ಹಾಕ್ತೀವಿ" ಅನ್ನುವ ಉತ್ತರ ಬಂದರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಅಜ್ಜ ಒಂದು ಚೊಂಬು, ಶಾಲೆಯಿಂದ ಬಂದ ಮಗಳು ಇನ್ನೊಂದು, ಸಂಜೆ ಕೆಲಸ ಮುಗಿಸಿ ಬಂದ ಅಪ್ಪ "ಪಾಪ, ಒಣಗಿದ ಹಾಗಿದೆ" ಅಂತ ಮತ್ತೊಂದು. ಪ್ರೀತಿಗೇನೂ ಕಮ್ಮಿ ಇಲ್ಲ. ಬೇರಿಗೆ ಮಾತ್ರ ಉಸಿರಾಡಲು ಜಾಗ ಇಲ್ಲ.

ಹೌದು, ಬೇರೂ ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವೆ ಸಣ್ಣ ಸಣ್ಣ ಸಂದುಗಳಿರುತ್ತವೆ, ಅವುಗಳಲ್ಲಿ ಸ್ವಲ್ಪ ನೀರು, ಸ್ವಲ್ಪ ಗಾಳಿ ಎರಡೂ ಇರಬೇಕು. ಸಂದೆಲ್ಲ ಸದಾ ನೀರಿನಿಂದಲೇ ತುಂಬಿದ್ದರೆ ಬೇರಿಗೆ ಆಮ್ಲಜನಕ ಸಿಗದೆ ಅದು ಕೊಳೆಯಲು ಶುರುವಾಗುತ್ತದೆ, ಕೊಳೆತ ಬೇರು ನೀರು ಎಳೆಯಲಾರದು, ಆಗ ಸುತ್ತ ನೀರು ನಿಂತಿದ್ದರೂ ಗಿಡ ಬಾಡುತ್ತದೆ. ಬಾಡಿದ್ದು ನೋಡಿದವರು ಏನು ಮಾಡುತ್ತಾರೆ? ಇನ್ನಷ್ಟು ನೀರು ಹಾಕುತ್ತಾರೆ. ನೀರು ಜಾಸ್ತಿಯಾದ ಗಿಡವೂ ನೀರು ಕಮ್ಮಿಯಾದ ಗಿಡವೂ ದೂರದಿಂದ ನೋಡಿದರೆ ಒಂದೇ ಥರ ಕಾಣುತ್ತವೆ. ಎಲೆ ನೋಡಿ ತೀರ್ಮಾನ ಮಾಡಬಾರದು, ಮಣ್ಣು ಮುಟ್ಟಿ ನೋಡಬೇಕು. ಬೆರಳನ್ನು ಎರಡು ಗೆಣ್ಣಿನಷ್ಟು, ಅಂದರೆ ಸುಮಾರು 5 ಸೆಂಟಿಮೀಟರ್, ಒಳಗೆ ಇಳಿಸಿ. ತಂಪಾಗಿ ಒದ್ದೆ ಇದ್ದರೆ ಇವತ್ತು ನೀರು ಬೇಡ. ಒಣಗಿದ್ದರೆ ಕುಂಡದ ತಳದ ತೂತಿನಿಂದ ನೀರು ಹೊರಗೆ ಬರುವಷ್ಟು ಹಾಕಿ, ಆಮೇಲೆ ಮತ್ತೆ ಒಣಗುವ ತನಕ ಸುಮ್ನೆ ಬಿಡಿ. ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸುವುದು ಒಳ್ಳೆಯದಲ್ಲ, ಮೇಲಿನ ಮಣ್ಣು ಮಾತ್ರ ನೆನೆದು ಬೇರುಗಳೂ ಮೇಲೆಯೇ ಉಳಿದುಬಿಡುತ್ತವೆ. ಇನ್ನು ಮಧ್ಯಾಹ್ನದ ಬಿಸಿಲಿಗೆ ದೊಡ್ಡ ಎಲೆಯ ಗಿಡಗಳು ಜೋತು ಬೀಳುವುದು ಮಾಮೂಲು. ಸಂಜೆ ತಾನಾಗಿಯೇ ಎದ್ದು ನಿಂತರೆ ಅದಕ್ಕೆ ಏನೂ ಆಗಿಲ್ಲ.

ನೀರು ಇಳಿಯಲಿ ಅಂತ ಕುಂಡದ ತಳಕ್ಕೆ ಜಲ್ಲಿ ಹಾಕುವ ಪದ್ಧತಿ ತುಂಬಾ ಕಡೆ ನೋಡುತ್ತೇನೆ. ಇದರಿಂದ ಲಾಭವಿಲ್ಲ. ನುಣ್ಣನೆ ಮಣ್ಣಿನಲ್ಲಿರುವ ನೀರು, ಆ ಮಣ್ಣು ಪೂರ್ತಿ ತೊಯ್ಯುವ ತನಕ, ದೊಡ್ಡ ಸಂದುಗಳಿರುವ ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ. ತಳದಲ್ಲಿರಬೇಕಾದ ಒದ್ದೆ ಪದರ ಬೇರಿನ ಹತ್ತಿರಕ್ಕೆ ಬರುತ್ತದೆ, ಅಷ್ಟೇ. ತೂತು ಸರಿಯಾಗಿದೆಯಾ ನೋಡಿ, ಮಣ್ಣಿಗೆ ಕಾಂಪೋಸ್ಟ್ ಬೆರೆಸಿ ಸಡಿಲ ಮಾಡಿ, ಅದು ಸಾಕು.

ಈಗ ಮನೆಯವರ ವಿಷಯಕ್ಕೆ ಬರುತ್ತೇನೆ. ನಾನು ಹೇಳುವುದು ಇಷ್ಟು: ಕೆಲಸ ಹಂಚಬೇಡಿ, ಗಿಡ ಹಂಚಿ. ಎಷ್ಟೋ ಮನೆಗಳಲ್ಲಿ ದೊಡ್ಡವರು ಬೀಜ ಬಿತ್ತುತ್ತಾರೆ, ಗೊಬ್ಬರ ಹಾಕುತ್ತಾರೆ, ಕೊಯ್ಯುತ್ತಾರೆ, ಮಗುವಿಗೆ "ನೀನು ನೀರು ಹಾಕು" ಅಂತ ಹೇಳುತ್ತಾರೆ. ಸುಲಭದ ಕೆಲಸ ಅಂದುಕೊಂಡು ಕೊಡುವುದು ಅದು. ಆದರೆ ತೋಟದಲ್ಲಿ ದಿನಾ ತೀರ್ಮಾನ ಕೇಳುವ ಕೆಲಸ ಅದೊಂದೇ. ಅದರ ಬದಲು ಒಂದು ಕುಂಡ, ಬೀಜದಿಂದ ತಟ್ಟೆಯ ತನಕ, ಪೂರ್ತಿಯಾಗಿ ಒಬ್ಬರದ್ದೇ ಆಗಲಿ. ಬೆರಳಿಟ್ಟು ನೋಡುವುದನ್ನು ಕಲಿಸಿಕೊಡಿ, ಮಿಕ್ಕಿದ್ದನ್ನು ಅವರಿಗೇ ಬಿಡಿ. ಬೇರೆಯವರ ಕುಂಡಕ್ಕೆ ಕೇಳದೆ ನೀರು ಹಾಕಬಾರದು ಅನ್ನುವ ಒಂದೇ ನಿಯಮ ಸಾಕು, ಇದು ಅಜ್ಜನಿಗೂ ಅನ್ವಯ. ಮನೆಯಲ್ಲಿ ನಾಲ್ಕು ಜನ ಇದ್ದರೆ ನಾಲ್ಕೇ ಕುಂಡದಿಂದ ಶುರು ಮಾಡಿ, ಮೊದಲ ಸಲಕ್ಕೇ ಇಪ್ಪತ್ತು ಬೇಡ.

ಯಾರಿಗೆ ಯಾವ ಗಿಡ ಅನ್ನುವುದರಲ್ಲೂ ಯೋಚನೆ ಬೇಕು. ಚಿಕ್ಕ ಮಕ್ಕಳಿಗೆ ಮೂಲಂಗಿ. ಮೂರರಿಂದ ಐದು ದಿನದಲ್ಲಿ ಮೊಳಕೆ ಬರುತ್ತದೆ, ಸಣ್ಣ ಗುಂಡು ಜಾತಿಯಾದರೆ ಬಿತ್ತಿದ 25-30 ದಿನಕ್ಕೆ ಕೀಳಬಹುದು. ಬೀನ್ಸ್ ಕೂಡ ಒಳ್ಳೆಯದು, ಬೀಜ ದೊಡ್ಡದು, ಪುಟ್ಟ ಕೈಗೆ ಹಿಡಿಯಲು ಸಿಗುತ್ತದೆ. ಎಷ್ಟು ಆಳ ಅಂತ ಗೊತ್ತಾಗದಿದ್ದರೆ ಬೀಜದ ದಪ್ಪದ ಎರಡು-ಮೂರು ಪಟ್ಟು ಆಳ ಅಂತ ಹೇಳಿಕೊಡಿ. ಬಣ್ಣ ಹಚ್ಚಿದ ಹಾಗೆ ಗುಲಾಬಿ, ಹಸಿರು ಬಣ್ಣದಲ್ಲಿ ಬರುವ ಬೀಜಗಳಿಗೆ ಸಾಮಾನ್ಯವಾಗಿ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಅಂಥವನ್ನು ಮಕ್ಕಳ ಕೈಗೆ ಕೊಡಲೇಬೇಡಿ. ಬಗ್ಗಲು ಆಗದ ಹಿರಿಯರಿಗೆ ಮೇಜಿನ ಎತ್ತರದಲ್ಲಿ ಒಂದು ಅಗಲ ತೊಟ್ಟಿ, ಅದರಲ್ಲಿ ಸೊಪ್ಪು. 15 ಸೆಂಟಿಮೀಟರ್ ಆಳ ಇದ್ದರೂ ನಡೆಯುತ್ತದೆ. ಪುದೀನ ಹಾಕುವುದಾದರೆ ಅದಕ್ಕೆ ಬೇರೆ ಕುಂಡ ಇರಲಿ, ಇಲ್ಲದಿದ್ದರೆ ಎಲ್ಲವನ್ನೂ ಆವರಿಸಿಕೊಳ್ಳುತ್ತದೆ.

ಏನು ಬೆಳೆಯಬೇಕು ಅಂತ ತೀರ್ಮಾನಿಸುವ ಮೊದಲು ಬಿಸಿಲು ಅಳೆಯಿರಿ. ರಜೆಯ ದಿನ ಮಕ್ಕಳಿಗೆ ಒಂದು ಸೀಮೆಸುಣ್ಣ ಕೊಟ್ಟು, ಬಾಲ್ಕನಿಯಲ್ಲೋ ತಾರಸಿಯಲ್ಲೋ ಗಂಟೆಗೊಂದು ಸಲ ನೆರಳಿನ ಅಂಚಿಗೆ ಗೆರೆ ಎಳೆಯಲು ಹೇಳಿ. 6 ಗಂಟೆಗಿಂತ ಜಾಸ್ತಿ ನೇರ ಬಿಸಿಲು ಬೀಳುವ ಜಾಗ ಟೊಮೆಟೊ, ಮೆಣಸಿನಕಾಯಿ, ಸೌತೆಗೆ. 3-4 ಗಂಟೆ ಬೀಳುವ ಜಾಗ ಸೊಪ್ಪಿಗೆ. ಅದಕ್ಕಿಂತ ಕಮ್ಮಿ ಇದ್ದರೆ ಕಾಯಿ ಬಿಡುವ ಗಿಡದ ಆಸೆ ಬಿಡುವುದೇ ಒಳ್ಳೆಯದು, ಯಾವ ಗೊಬ್ಬರವೂ ಬೆಳಕಿನ ಕೆಲಸ ಮಾಡುವುದಿಲ್ಲ.

ಹೈಸ್ಕೂಲು ಮಕ್ಕಳಿಗೆ ಟೊಮೆಟೊ ಮತ್ತು ಸೌತೆ ಕೊಡಿ ಅಂತ ನಾನು ಒತ್ತಿ ಹೇಳುತ್ತೇನೆ. ಯಾಕಂದರೆ ಅವು ಪ್ರಶ್ನೆ ಹುಟ್ಟಿಸುತ್ತವೆ. ಸೌತೆಯಲ್ಲಿ ಮೊದಮೊದಲು ಬರುವ ಹೂಗಳು ಹೆಚ್ಚಾಗಿ ಗಂಡು ಹೂಗಳೇ. ಉದುರಿ ಹೋಗುತ್ತವೆ, ಮನೆಯವರು ಗಾಬರಿ ಆಗುತ್ತಾರೆ. ಹೆಣ್ಣು ಹೂವಿನ ಹಿಂದೆ ಪುಟ್ಟ ಕಾಯಿಯ ಆಕಾರ ಮೊದಲೇ ಇರುತ್ತದೆ, ಗಂಡು ಹೂವಿಗೆ ಬರೀ ತೊಟ್ಟು. ಜೇನುನೊಣ ಬಾರದ ಎತ್ತರದ ಮನೆಗಳಲ್ಲಿ ಬೆಳಿಗ್ಗೆ ಹೊತ್ತು ಗಂಡು ಹೂವನ್ನು ಕಿತ್ತು, ಎಸಳು ತೆಗೆದು, ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿದರೆ ಕಾಯಿ ಕಟ್ಟುತ್ತದೆ. ಒಂದು ವಾರದಲ್ಲಿ ಕಾಯಿ ಉದ್ದ ಆಗುವುದನ್ನು ನೋಡಿದ ಹುಡುಗರಿಗೆ ಪರಾಗಸ್ಪರ್ಶದ ಪಾಠ ಮತ್ತೆ ಓದಿಸಬೇಕಿಲ್ಲ. ಟೊಮೆಟೊದಲ್ಲಿ ಗಂಡು, ಹೆಣ್ಣು ಭಾಗ ಎರಡೂ ಒಂದೇ ಹೂವಿನಲ್ಲಿವೆ, ಹೂಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಸಾಕು. ಹಗಲಿನ ಬಿಸಿ 35 ಡಿಗ್ರಿ ದಾಟಿ ರಾತ್ರಿಯೂ ತಂಪಾಗದಿದ್ದರೆ ಹೂ ಉದುರುವುದು ಸಹಜ. ಆಗ ಸಾರಜನಕ ಜಾಸ್ತಿ ಇರುವ ಗೊಬ್ಬರ ಸುರಿದರೆ ಎಲೆ ಮಾತ್ರ ದಟ್ಟವಾಗುತ್ತದೆ.

ಟೊಮೆಟೊ ಕಾಯಿಯ ತುದಿ ಕಪ್ಪಾಗಿ ಚರ್ಮದ ಹಾಗೆ ಒಣಗಿದರೆ ಅದು ಹುಳದ ಕೆಲಸವಲ್ಲ, ಅಂಟುರೋಗವೂ ಅಲ್ಲ. ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪಿಲ್ಲ. ಸಾಮಾನ್ಯವಾಗಿ ಮಣ್ಣಿನಲ್ಲಿ ಕ್ಯಾಲ್ಸಿಯಂ ಇರುತ್ತದೆ, ಆದರೆ ಅದು ನೀರಿನ ಜೊತೆಗೇ ಮೇಲೇರಬೇಕು. ಮೂರು ದಿನ ಒಣಗಿಸಿ ಒಂದು ದಿನ ಮುಳುಗಿಸಿದರೆ ಆ ಹರಿವು ತಪ್ಪುತ್ತದೆ. ಮೊಟ್ಟೆ ಚಿಪ್ಪು ಹಾಕಿದರೆ ಕರಗಲು ತಿಂಗಳುಗಟ್ಟಲೆ ಬೇಕು. 15-20 ಲೀಟರಿನ ಕುಂಡಕ್ಕೆ ಬದಲಾಯಿಸಿ, ಮಣ್ಣಿನ ಮೇಲೆ ಒಣ ಎಲೆ ಮುಚ್ಚಿ, ನೀರನ್ನು ಒಂದು ಹದದಲ್ಲಿ ಕೊಡಿ. ಮುಂದಿನ ಕಾಯಿಗಳು ಸರಿಯಾಗುತ್ತವೆ.

ಹುಳದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ವಾರಕ್ಕೆರಡು ಸಲ ಎಲೆಯ ಅಡಿಭಾಗ ನೋಡಿ, ಗಿಡಹೇನು ಕಂಡರೆ ನೀರನ್ನು ರಭಸವಾಗಿ ಚಿಮ್ಮಿಸಿ ಉದುರಿಸಿ. ಗುಲಗಂಜಿ ಹುಳದ ಮರಿ ಕಪ್ಪಗೆ, ಮುಳ್ಳುಮುಳ್ಳಾಗಿ ಕಾಣುತ್ತದೆ, ಹೆದರಿ ಸಾಯಿಸಬೇಡಿ, ಗಿಡಹೇನು ತಿನ್ನುವುದೇ ಅದು. ಹಳೇ ಬಣ್ಣ ಉದುರುವ ಗೋಡೆಯ ಪಕ್ಕದ ಮಣ್ಣಿನಲ್ಲಿ ಸೀಸ ಇರಬಹುದು, ಮಕ್ಕಳು ಆಡುವ ಮಡಿಗೆ ಆ ಮಣ್ಣು ಬೇಡ. ಕೆಲಸ ಮುಗಿದ ಮೇಲೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಬೇಕು.

ಕೆಲವು ಗಿಡ ಸಾಯುತ್ತವೆ. ಮಗು ನೊಂದುಕೊಳ್ಳುತ್ತದೆ ಅಂತ ರಾತ್ರೋರಾತ್ರಿ ಹೊಸ ಸಸಿ ತಂದು ನೆಡುವ ಅಪ್ಪ ಅಮ್ಮಂದಿರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಸತ್ತ ಗಿಡವನ್ನು ಮಗುವಿನ ಕೈಯಲ್ಲೇ ಕೀಳಿಸಿ, ಬೇರು ತೊಳೆದು ಜೊತೆಗೆ ಕೂತು ನೋಡಿ. ಬೆಳ್ಳಗೆ ಗಟ್ಟಿಯಾಗಿದ್ದರೆ ಕಾರಣ ಬೇರೆ ಕಡೆ ಹುಡುಕಬೇಕು. ಕಂದು ಬಣ್ಣಕ್ಕೆ ತಿರುಗಿ, ಮೆತ್ತಗಾಗಿ, ಕೆಟ್ಟ ವಾಸನೆ ಬಂದರೆ ನೀರು ಜಾಸ್ತಿಯಾಗಿದೆ. ಆ ಮಣ್ಣನ್ನು ಎಳೆ ಸಸಿಗಳಿಗೆ ಮತ್ತೆ ಬಳಸಬೇಡಿ. ಕುಂಡವನ್ನು ಸೋಪಿನಿಂದ ತೊಳೆದು ಒಣಗಿಸಿ, ಹೊಸ ಮಣ್ಣು ತುಂಬಿ, ಅದೇ ವಾರ ಬೀನ್ಸ್ ಬಿತ್ತಿಸಿ. ಬೇಗ ಮೊಳೆಯುತ್ತದೆ, ಮಗು ಕಾಯುವುದು ಕಮ್ಮಿಯಾಗುತ್ತದೆ.