ಬೇಗ ಹಿಡಿಯುವ ಬಣ್ಣ ಬೇಗ ಬಿಡುತ್ತದೆ

ಮೊದಲೆಲ್ಲ ಒಂದು ಸಲ ಡೈ ಹಾಕಿದರೆ ತಿಂಗಳು ಪೂರ್ತಿ ಚಿಂತೆ ಇರಲಿಲ್ಲ, ಈಗ ಹತ್ತು ದಿನಕ್ಕೇ ಕೂದಲು ಕೆಂಚಾಗುತ್ತದೆ. ಐದಾರು ವರ್ಷ ಬಣ್ಣ ಹಚ್ಚಿಕೊಂಡವರ ಬಾಯಲ್ಲಿ ಈ ಮಾತು ಬಂದೇ ಬರುತ್ತದೆ. ಮಾಲಿನ ಗುಣಮಟ್ಟ ಕೆಟ್ಟಿತು ಎಂದು ಕೆಲವರು ಬ್ರ್ಯಾಂಡ್ ಬದಲಿಸುತ್ತಾರೆ. ಇನ್ನು ಕೆಲವರು ತಿಂಗಳಿಗೊಮ್ಮೆ ಹಾಕುತ್ತಿದ್ದುದನ್ನು ಹದಿನೈದು ದಿನಕ್ಕೊಮ್ಮೆ ಮಾಡುತ್ತಾರೆ. ಎರಡನೆಯದಂತೂ ರೋಗವನ್ನೇ ಬೆಳೆಸುವ ಮದ್ದು. ಸಾಮಾನ್ಯವಾಗಿ ಡೈ ಮೊದಲಿನದೇ ಇರುತ್ತದೆ, ಬದಲಾಗಿರುವುದು ಕೂದಲು.

ಮೊದಲು ದೂರನ್ನೇ ಬಿಡಿಸಿ ನೋಡೋಣ. ‘ಬಣ್ಣ ನಿಲ್ಲುತ್ತಿಲ್ಲ’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿರುತ್ತವೆ. ಬೈತಲೆಯ ಎರಡೂ ಕಡೆ ಬಿಳಿ ಗೆರೆ ಕಂಡರೆ ಬಣ್ಣ ಹೋಗಿದೆ ಎಂದಲ್ಲ, ಹೊಸ ಕೂದಲು ಬಂದಿದೆ. ತಲೆಗೂದಲು ತಿಂಗಳಿಗೆ ಹೆಚ್ಚುಕಡಿಮೆ 1 ಸೆಂ.ಮೀ. ಬೆಳೆಯುತ್ತದೆ, ಎರಡು ವಾರಕ್ಕೆ 5 ಮಿ.ಮೀ. ಕಡುಗಪ್ಪು ಬಣ್ಣದ ಪಕ್ಕದಲ್ಲಿ ಅಷ್ಟು ಬಿಳಿ ಎದ್ದು ಕಾಣುವುದಕ್ಕೆ ಧಾರಾಳವಾಗಿ ಸಾಕು. ಇದಕ್ಕೆ ಯಾವ ಡೈಯಲ್ಲೂ ಪರಿಹಾರವಿಲ್ಲ. ಅಪ್ಪಟ ಕಪ್ಪಿನ ಬದಲು ಗಾಢ ಕಂದು ಹಾಕಿದರೆ ಗೆರೆ ಅಷ್ಟು ಕಣ್ಣಿಗೆ ಹೊಡೆಯದು, ಅಷ್ಟೇ. ಹಾಕಿದ ದಿನವೇ ಹಣೆಯಂಚಿನ, ಕಿವಿಯ ಮುಂದಿನ ನರೆಗೂದಲು ಹೊಳೆಯುತ್ತಿದ್ದರೆ ಬಣ್ಣ ಒಳಗೆ ಹೋಗಿಯೇ ಇಲ್ಲ. ಜಡೆಯ ಉದ್ದಕ್ಕೂ ಕೂದಲು ಕೆಂಚಾಗುತ್ತಿದ್ದರೆ ಮಾತ್ರ ಬಣ್ಣ ನಿಜವಾಗಿ ಸೋರಿಹೋಗುತ್ತಿದೆ. ಕಾರಣ ಬೇರೆಯಾದ್ದರಿಂದ ಮದ್ದೂ ಬೇರೆ.

ಒಂದು ಕೂದಲಿನ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಇರುವುದಿಲ್ಲ. ಅಷ್ಟರಲ್ಲೇ ಹೊರಗೆ ಕ್ಯೂಟಿಕಲ್ ಎಂಬ ಪೊರೆ, ಒಳಗೆ ಕಾರ್ಟೆಕ್ಸ್ ಎಂಬ, ಕೆರಾಟಿನ್ ಪ್ರೋಟೀನಿನ ಎಳೆಗಳ ಕಟ್ಟು. ಸೋಗೆಯ ಮಾಡಿನ ಹಾಗೆ ಕ್ಯೂಟಿಕಲ್ಲಿನ ಹಕ್ಕಳೆಗಳು ಒಂದರ ಮೇಲೊಂದು ಆರರಿಂದ ಹತ್ತು ಪದರ ಕೂತಿರುತ್ತವೆ, ಅಂಚುಗಳೆಲ್ಲ ತುದಿಯ ಕಡೆಗೆ. ಈ ಹಕ್ಕಳೆಗಳ ಮೇಲೆ ಕೊಬ್ಬಿನ ಆಮ್ಲದ ಒಂದು ತೆಳುವಾದ ಲೇಪ ಇರುತ್ತದೆ. ಹೆಸರು 18-ಮೀಥೈಲ್ ಐಕೋಸನೋಯಿಕ್ ಆಮ್ಲ. ಹೆಸರು ಮರೆತರೂ ನಷ್ಟವಿಲ್ಲ, ಕೆಲಸ ನೆನಪಿರಲಿ: ಹೊಸ ಕೂದಲಿಗೆ ನೀರು ಅಂಟದಂತೆ ಮಾಡುವುದು, ನುಣುಪು ಕೊಡುವುದು ಇದೇ. ನಾವು ಹಚ್ಚುವ ಎಣ್ಣೆಯ ಹಾಗೆ ಇದು ಮೇಲೆ ಕೂತಿದ್ದಲ್ಲ, ಪ್ರೋಟೀನಿಗೆ ರಾಸಾಯನಿಕವಾಗಿ ಬೆಸೆದುಕೊಂಡದ್ದು. ಒಮ್ಮೆ ಕಿತ್ತುಹೋದರೆ ಆ ಕೂದಲಿಗೆ ಮತ್ತೆ ಬರುವುದಿಲ್ಲ, ಏಕೆಂದರೆ ನೆತ್ತಿಯಿಂದ ಹೊರಗೆ ಬಂದ ಕೂದಲಿನಲ್ಲಿ ಜೀವಕೋಶದ ಕೆಲಸ ಮುಗಿದಿರುತ್ತದೆ.

ಶಾಶ್ವತ ಡೈ ಕೆಲಸ ಮಾಡುವ ರೀತಿ ಚತುರವಾದದ್ದು. ಕ್ರೀಮಿನಲ್ಲಿ ಬಣ್ಣವೇ ಇರುವುದಿಲ್ಲ ಎನ್ನಬಹುದು. ಇರುವುದು ಬಣ್ಣವಾಗಬಲ್ಲ ಸಣ್ಣ ಅಣುಗಳು. ಮುಖ್ಯವಾದದ್ದು ಪ್ಯಾರಾ-ಫಿನೈಲೀನ್ ಡೈಅಮೀನ್, ಚುಟುಕಾಗಿ ಪಿಪಿಡಿ. ಜೊತೆಗೆ ರಿಸಾರ್ಸಿನಾಲ್‌ನಂಥ ಜೋಡಿ ಅಣುಗಳು, ಅಮೋನಿಯಾ. ಇನ್ನೊಂದು ಬಾಟಲಿಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್, ಅಂದರೆ ಡೆವಲಪರ್. ಅಮೋನಿಯಾ ಮಿಶ್ರಣವನ್ನು 9ರಿಂದ 10.5 ಪಿಎಚ್‌ವರೆಗೆ ಕ್ಷಾರೀಯಗೊಳಿಸುತ್ತದೆ, ಕೂದಲು ಉಬ್ಬುತ್ತದೆ, ಹಕ್ಕಳೆಗಳು ಸಡಿಲವಾಗುತ್ತವೆ, ಸಣ್ಣ ಅಣುಗಳು ಒಳಗೆ ನುಸುಳುತ್ತವೆ. ಅಲ್ಲಿ ಪೆರಾಕ್ಸೈಡ್ ಅವುಗಳನ್ನು ಎರಡು ಮೂರರಂತೆ ಬೆಸೆದು ದೊಡ್ಡ ಬಣ್ಣದ ಅಣುಗಳನ್ನಾಗಿ ಮಾಡುತ್ತದೆ. ಕಾಲು, ಪಟ್ಟಿ ಬಿಡಿಬಿಡಿಯಾಗಿ ಕಿರಿದಾದ ಬಾಗಿಲಲ್ಲಿ ಒಯ್ದು ಕೋಣೆಯೊಳಗೆ ಮಂಚ ಜೋಡಿಸಿದ ಹಾಗೆ. ಜೋಡಿಸಿದ ಮೇಲೆ ಅದೇ ಬಾಗಿಲಲ್ಲಿ ಹೊರಗೆ ಬಾರದು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಯೂಜೀನ್ ಶುಯೆಲರ್ 1907ರಲ್ಲಿ ಕೂದಲ ಬಣ್ಣ ತಯಾರಿಸಿ ಮಾರಲು ಹೊರಟ ಕಾಲದಿಂದ ಮೂಲ ಉಪಾಯ ಹೆಚ್ಚೇನೂ ಬದಲಾಗಿಲ್ಲ.

ತೊಂದರೆ ಇರುವುದು ಆ ಬಾಗಿಲಿನಲ್ಲಿ. ಕ್ಷಾರ ಮತ್ತು ಪೆರಾಕ್ಸೈಡ್ ಸೇರಿದರೆ ಮೊದಲು ಕಿತ್ತುಬರುವುದು ಮೇಲೆ ಹೇಳಿದ ಕೊಬ್ಬಿನ ಲೇಪ. ಆಮೇಲೆ ಕೆರಾಟಿನ್ ಎಳೆಗಳನ್ನು ಕಟ್ಟಿಹಿಡಿದಿರುವ ಗಂಧಕದ ಕೊಂಡಿಗಳು ಒಂದಷ್ಟು ಮುರಿದು ಸಿಸ್ಟೀಯಿಕ್ ಆಮ್ಲವಾಗುತ್ತವೆ, ಅದಕ್ಕೆ ನೀರೆಂದರೆ ಪ್ರೀತಿ. ಹೊಸ ಪಂಚೆ ಗಂಜಿ ಇರುವವರೆಗೆ ನೀರನ್ನು ತಕ್ಷಣ ಕುಡಿಯುವುದಿಲ್ಲ. ನಾಲ್ಕು ಒಗೆತ ಕಂಡ ಮೇಲೆ ಅದ್ದಿದೊಡನೆ ತೊಯ್ಯುತ್ತದೆ. ಕೂದಲಿನದೂ ಅದೇ ಕಥೆ. ತೊಯ್ದಾಗ ಕೂದಲಿನ ಅಡ್ಡಳತೆ ಸುಮಾರು ಶೇ. 15ರಷ್ಟು ಹಿಗ್ಗುತ್ತದೆ, ಕೆಟ್ಟ ಕೂದಲು ಇನ್ನೂ ಹೆಚ್ಚು. ಹಿಗ್ಗಿದ ಸಂದಿನಿಂದ ಬಣ್ಣ ಹೊರಟುಹೋಗುತ್ತದೆ. ಹಾಗಾಗಿ ಬಣ್ಣ ಬಿಡುವುದರಲ್ಲಿ ದೊಡ್ಡ ಪಾಲು ನೀರಿನದೇ. ‘ಸಲ್ಫೇಟ್ ಇಲ್ಲದ’ ಶಾಂಪೂವಿಗೆ ಎರಡರಷ್ಟು ಹಣ ಕೊಟ್ಟು ದಿನಾ ತಲೆಗೆ ನೀರು ಹುಯ್ದುಕೊಳ್ಳುವುದಕ್ಕಿಂತ, ಸಾಧಾರಣ ಶಾಂಪೂ ಇಟ್ಟುಕೊಂಡು ವಾರಕ್ಕೆ ಎರಡೇ ಸಲ ತಲೆಸ್ನಾನ ಮಾಡುವುದು ಬಣ್ಣಕ್ಕೆ ಒಳ್ಳೆಯದು.

ನಿಮ್ಮ ಕೂದಲು ಎಲ್ಲಿಗೆ ಬಂದಿದೆ ಎಂದು ನೋಡಲು ಪ್ರಯೋಗಾಲಯ ಬೇಡ. ಎಣ್ಣೆ, ಕಂಡಿಷನರ್ ಇಲ್ಲದೆ ತೊಳೆದು ಒಣಗಿಸಿದ ಒಂದು ಎಸಳು ಕೂದಲನ್ನು ಬಿಗಿಯಾಗಿ ಹಿಡಿದು ಬುಡದ ಹತ್ತಿರ ಒಂದು ಹನಿ, ತುದಿಯ ಹತ್ತಿರ ಒಂದು ಹನಿ ನೀರು ಬಿಡಿ. ಬುಡದಲ್ಲಿ ಹನಿ ಕೆಸುವಿನೆಲೆಯ ಮೇಲಿನಂತೆ ಉರುಟಾಗಿ ನಿಂತು, ತುದಿಯಲ್ಲಿ ಹೀರಿಹೋದರೆ ಉತ್ತರ ಸಿಕ್ಕಿತು.

ತುದಿಗೆ ಯಾಕೆ ಆ ಗತಿ? ಲೆಕ್ಕ ಹಾಕಿ. 30 ಸೆಂ.ಮೀ. ಉದ್ದದ ಕೂದಲಿನ ತುದಿಗೆ ಎರಡೂವರೆ ವರ್ಷ ವಯಸ್ಸು. ತಿಂಗಳಿಗೊಮ್ಮೆ ಬುಡದಿಂದ ತುದಿಯವರೆಗೆ ಡೈ ಬಳಿದವರ ತುದಿಗೂದಲು ಹೆಚ್ಚುಕಡಿಮೆ 30 ಸಲ ಪೆರಾಕ್ಸೈಡ್ ಕುಡಿದಿರುತ್ತದೆ. ಇಂಥ ಕೂದಲು ಹೊಸ ಬಣ್ಣವನ್ನು ಐದೇ ನಿಮಿಷದಲ್ಲಿ ಕಾಡಿಗೆಯಂತೆ ಹಿಡಿಯುತ್ತದೆ, ನಾಲ್ಕು ಸ್ನಾನಕ್ಕೆ ಬಿಟ್ಟುಕೊಡುತ್ತದೆ.

ಕೆಂಚಿನ ಹಿಂದೆ ಇನ್ನೊಂದು ಕಾರಣವೂ ಇದೆ, ಅದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಪೆರಾಕ್ಸೈಡ್ ಡೈಯ ಅಣುಗಳನ್ನು ಬೆಸೆಯುವುದರ ಜೊತೆಗೆ ನಮ್ಮ ಸ್ವಂತ ಕಪ್ಪಾದ ಮೆಲನಿನ್ನನ್ನೂ ಸ್ವಲ್ಪ ಸ್ವಲ್ಪ ಬಿಳುಪು ಮಾಡುತ್ತದೆ. ತಲೆಯಲ್ಲಿ ಕಾಲು ಭಾಗ ನರೆ ಇದ್ದವರು ಡೈಯನ್ನು ಮುಕ್ಕಾಲು ಭಾಗ ಕಪ್ಪು ಕೂದಲಿಗೂ ಹಚ್ಚುತ್ತಾರಷ್ಟೆ. ಕಪ್ಪು ಕೂದಲು ತಿಳಿಯಾಗುತ್ತ ಹೋದಾಗ ಮೊದಲು ಕಾಣುವುದು ಕೆಂಪುಕಂದು, ಆಮೇಲೆ ಕಿತ್ತಳೆ. ಡೈ ಇರುವವರೆಗೆ ಅದು ಮುಚ್ಚಿಹೋಗಿರುತ್ತದೆ, ಡೈ ಇಳಿದಂತೆ ಹೊರಗೆ ಇಣುಕುತ್ತದೆ. ಅಂದರೆ ಆ ಕೆಂಚು ಅರ್ಧ ಡೈ ಹೋದದ್ದರಿಂದ, ಇನ್ನರ್ಧ ಡೈ ಹಾಕಿದ್ದರಿಂದಲೇ ಬಂದದ್ದು. ಬಿಸಿಲೂ ಇದಕ್ಕೆ ಕೈಜೋಡಿಸುತ್ತದೆ. ಹೆಲ್ಮೆಟ್ಟೋ ಸೆರಗೋ ಇಲ್ಲದೆ ಮಧ್ಯಾಹ್ನ ತಿರುಗುವವರ ನೆತ್ತಿಯ ಮೇಲ್ಪದರ ಮೊದಲು ಬಿಳುಚಿಕೊಳ್ಳುತ್ತದೆ.

ಡೆವಲಪರಿನ ಮೇಲಿನ ಅಂಕಿ ನೋಡದೆ ಕೊಳ್ಳಬೇಡಿ. 20 ವಾಲ್ಯೂಮ್ ಎಂದರೆ ಶೇ. 6 ಪೆರಾಕ್ಸೈಡ್, 10 ಎಂದರೆ ಶೇ. 3, 40 ಎಂದರೆ ಶೇ. 12. ನರೆ ಮುಚ್ಚಲು 20 ಸಾಕು. ಸ್ಟ್ರಾಂಗ್ ಇದ್ದರೆ ಚೆನ್ನಾಗಿ ಹಿಡಿಯುತ್ತದೆ ಎಂದು 40 ಹಾಕಿದರೆ ಮೆಲನಿನ್ ಬೇಗ ಹೋಗುತ್ತದೆಯೇ ಹೊರತು ಕಪ್ಪು ಹೆಚ್ಚು ದಿನ ಉಳಿಯುವುದಿಲ್ಲ. ‘ಅಮೋನಿಯಾ ಇಲ್ಲ’ ಎಂಬ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಅದರ ಜಾಗದಲ್ಲಿ ಮಾನೋಎಥನಾಲಮೀನ್ ಇರುತ್ತದೆ. ಅದೂ ಕ್ಷಾರವೇ, ಮೂಗಿಗೆ ಬಡಿಯುವುದಿಲ್ಲ ಅಷ್ಟೇ.

ಇನ್ನು ನರೆ ಬಣ್ಣವನ್ನೇ ಹಿಡಿಯದಿರುವ ವಿಚಾರ. ಇಲ್ಲಿ ತಪ್ಪು ಹೆಚ್ಚಾಗಿ ಕೈಯದು. ಅರ್ಧ ಗಂಟೆ ಮೊದಲೇ ಕಲೆಸಿಟ್ಟ ಮಿಶ್ರಣದಲ್ಲಿ ಮಂಚ ಬಟ್ಟಲಲ್ಲೇ ಜೋಡಣೆಯಾಗಿಬಿಟ್ಟಿರುತ್ತದೆ. ದೊಡ್ಡದಾದ ಅಣು ಕೂದಲೊಳಗೆ ಹೋಗದೆ ಮೇಲೆ ಮೆತ್ತಿಕೊಂಡು ಮೊದಲ ಸ್ನಾನಕ್ಕೇ ದಿಂಬಿನ ಹೊದಿಕೆಗೂ ಟವೆಲ್ಲಿಗೂ ಬರುತ್ತದೆ. ಉಳಿದ ಮಿಶ್ರಣವನ್ನು ಮುಂದಿನ ವಾರಕ್ಕೆಂದು ಡಬ್ಬಿಯಲ್ಲಿ ಇಡುವುದಂತೂ ಎರಡು ಪಟ್ಟು ಅವಿವೇಕ: ಬಣ್ಣ ಹಿಡಿಯದು, ಅನಿಲ ಕಟ್ಟಿಕೊಂಡು ಮುಚ್ಚಳ ಸಿಡಿಯಬಹುದು. ಹಿಂದಿನ ದಿನ ಶಾಂಪೂ ಮಾಡಿ, ಕಂಡಿಷನರ್ ಮತ್ತು ಎಣ್ಣೆ ಮುಟ್ಟದೆ ಬಿಡಿ. ಹಾಕುವ ಹೊತ್ತಿಗೆ ಕೂದಲು ಒಣಗಿರಲಿ. ಪ್ಲಾಸ್ಟಿಕ್ ಇಲ್ಲವೇ ಗಾಜಿನ ಬಟ್ಟಲಲ್ಲಿ, ಪೊಟ್ಟಣ ಹೇಳಿದ ಪ್ರಮಾಣದಲ್ಲಿ, ಅಂದಾಜಿಗೆ ಬಿಡದೆ ತೂಗಿ ಕಲೆಸಿ. ಸಾಮಾನ್ಯವಾಗಿ ಒಂದು ಪಾಲು ಕ್ರೀಮಿಗೆ ಒಂದು ಅಥವಾ ಒಂದೂವರೆ ಪಾಲು ಡೆವಲಪರ್. ತೆಳ್ಳಗಾದರೆ ಹಚ್ಚಲು ಸುಲಭ ಎಂದು ಡೆವಲಪರ್ ಹೆಚ್ಚು ಸುರಿದರೆ ಬಣ್ಣ ತೆಳುವಾಗಿ ಬಿಳುಪಿಸುವ ಗುಣ ಹೆಚ್ಚುತ್ತದೆ. ನರೆ ದಟ್ಟವಾಗಿರುವ ಹಣೆಯಂಚು, ಕಿವಿಯ ಮುಂಭಾಗದಿಂದಲೇ ಶುರು ಮಾಡಿ, ಅರ್ಧ ಸೆಂ.ಮೀ.ಗೊಂದು ಬೈತಲೆ ತೆಗೆಯುತ್ತ ಬುಡಕ್ಕೆ ದಪ್ಪಗೆ ಹಚ್ಚಿ. ಬುಡಕ್ಕೆ ಮಾತ್ರವಾದರೆ 20–30 ಗ್ರಾಂ ಕ್ರೀಮು ಸಾಮಾನ್ಯವಾಗಿ ಸಾಕಾಗುತ್ತದೆ. ಹಚ್ಚಿ ಮುಗಿದ ಮೇಲೆ ಗಡಿಯಾರ ನೋಡಿ 30–35 ನಿಮಿಷ. ಹಟಮಾರಿ ನರೆಗೆ, ಪೊಟ್ಟಣದಲ್ಲಿ ಅವಕಾಶ ಕೊಟ್ಟಿದ್ದರೆ, 45. ಹದಿನೈದನೇ ನಿಮಿಷಕ್ಕೆ ಕಾಣುವ ಕಪ್ಪು ಮೇಲಿನ ಮೆತ್ತೆಯದು, ಒಳಗಿನದಲ್ಲ.

ಉದ್ದಕ್ಕೆ ಏನು ಮಾಡುವುದು? ಏನೂ ಮಾಡದಿರುವುದೇ ಒಳ್ಳೆಯದು. ತೀರಾ ಬಿಳುಚಿದ್ದರೆ ಪೆರಾಕ್ಸೈಡ್ ಇಲ್ಲದ ಸೆಮಿ ಪರ್ಮನೆಂಟ್ ಬಣ್ಣ ಅಥವಾ ಬಣ್ಣದ ಕಂಡಿಷನರ್ ಬಳಸಿ. ಅದು ಆರೇಳು ಸ್ನಾನಕ್ಕೆ ಇಳಿದುಹೋಗುತ್ತದೆ, ನಿಜ, ಆದರೆ ಹೋಗುವಾಗ ಕೂದಲನ್ನು ಕೆಡಿಸಿ ಹೋಗುವುದಿಲ್ಲ. ಬುಡಕ್ಕೆ ಶಾಶ್ವತ ಡೈ, ಉದ್ದಕ್ಕೆ ಸೆಮಿ: ಈ ಕ್ರಮ ಒಂದು ವರ್ಷ ನಡೆಸಿದರೆ ಹೊಸದಾಗಿ ಬೆಳೆದ 12 ಸೆಂ.ಮೀ. ಕೂದಲು ಒಂದೊಂದೇ ಸಲ ಪೆರಾಕ್ಸೈಡ್ ಕಂಡಿರುತ್ತದೆ. ಹಳೆಯ ತುದಿಗೆ ಕತ್ತರಿಯೇ ಗತಿ. ಡೈ ಹಾಕಿ 72 ಗಂಟೆ ತಲೆಗೆ ನೀರು ಹಾಕಬಾರದು ಎಂದು ಪಾರ್ಲರಿನಲ್ಲಿ ಹೇಳುತ್ತಾರೆ. ಬಣ್ಣದ ಅಣುಗಳ ಜೋಡಣೆ ಬಹುಪಾಲು ತಲೆ ತೊಳೆಯುವ ಮೊದಲೇ ಮುಗಿದಿರುತ್ತದೆ. ಆ ನಿಯಮದ ಲಾಭ ಒಂದು ಸ್ನಾನ ಉಳಿಯುವುದಷ್ಟೇ. ಸ್ನಾನಕ್ಕೆ ಮೊದಲು ಕೊಬ್ಬರಿ ಎಣ್ಣೆ ಹಚ್ಚುವ ಹಳೆಯ ರೂಢಿಗೆ ಮಾತ್ರ ಗಟ್ಟಿ ಆಧಾರವಿದೆ. ಅದರ ಲಾರಿಕ್ ಆಮ್ಲದ ಕೊಬ್ಬು ಕೂದಲೊಳಗೆ ಇಳಿಯಬಲ್ಲದು, ಒಳಗಿದ್ದು ನೀರಿಗೆ ಕೂದಲು ಹಿಗ್ಗುವುದನ್ನು ತಗ್ಗಿಸುತ್ತದೆ.

ಕರ್ನಾಟಕದ ಬೋರ್‌ವೆಲ್ ಊರುಗಳಲ್ಲಿ ನೀರಿನ ಗಡಸುತನವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿ.ಗ್ರಾಂ. ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಆಗಬಹುದು. ಗಡಸು ನೀರಿನ ಸುಣ್ಣ ಕೂದಲ ಮೇಲೆ ಕೂತು ಹೊಳಪು ಕಳೆಯುತ್ತದೆ. ಅದಕ್ಕಿಂತ ಕೆಟ್ಟದ್ದು ನೀರಿನ ಕಬ್ಬಿಣ, ತಾಮ್ರ. ಇವು ಕೂದಲಲ್ಲಿ ಸೇರಿದ್ದರೆ ಪೆರಾಕ್ಸೈಡ್ ತಾಗಿದಾಗ ಅದನ್ನು ಅಡ್ಡಾದಿಡ್ಡಿಯಾಗಿ ಒಡೆದು ಕೆರಾಟಿನ್ನಿಗೆ ಹೆಚ್ಚು ಹಾನಿ ಮಾಡುತ್ತವೆ. ಕಬ್ಬಿಣದ ಬಾಣಲೆಯಲ್ಲಿ ರಾತ್ರಿಯಿಡೀ ನೆನೆಸಿದ ಮೆಹಂದಿ ಹಚ್ಚಿ, ಮುಂದಿನ ವಾರ ಕ್ರೀಮ್ ಡೈಗೆ ಹೋಗುವವರಿಗೆ ಈ ಮಾತು ಮತ್ತಷ್ಟು ಸಲ್ಲುತ್ತದೆ. ಡೈಗೆ ಮೊದಲು, ಲೋಹಗಳನ್ನು ಹಿಡಿದು ತೊಳೆಯುವ ಇಡಿಟಿಎ ಎಂಬ ರಾಸಾಯನಿಕ ಇರುವ ಕ್ಲ್ಯಾರಿಫೈಯಿಂಗ್ ಶಾಂಪೂ ಒಮ್ಮೆ ಬಳಸಿ. ಉಳಿದ ದಿನಗಳಲ್ಲಿ ಕೊನೆಯ ಎರಡು ಲೀಟರನ್ನಾದರೂ ಫಿಲ್ಟರ್ ನೀರಿನಲ್ಲಿ ಹುಯ್ದುಕೊಳ್ಳಿ.

ಮೆಹಂದಿಯ ಲೆಕ್ಕ ಬೇರೆ. ಅದರ ಬಣ್ಣದ ಅಣುವಾದ ಲಾಸೋನ್ ಕೆರಾಟಿನ್ನಿಗೆ ನೇರವಾಗಿ ಬೆಸೆಯುವುದರಿಂದ ಅಷ್ಟು ಸುಲಭಕ್ಕೆ ಬಿಡದು. ಬಣ್ಣ ಕಿತ್ತಳೆ, ಅದೇ ಅದರ ಮಿತಿ. ಕಪ್ಪಿಗಾಗಿ ಮೇಲೆ ನೀಲಿಸೊಪ್ಪಿನ (ಇಂಡಿಗೊ) ಪುಡಿ ಹಚ್ಚುವವರು ಮಾಡುವ ತಪ್ಪು ಎಂದರೆ ಎರಡನ್ನೂ ಒಂದೇ ಹದದಲ್ಲಿ ಕಲೆಸುವುದು. ಮೆಹಂದಿಗೆ ನಿಂಬೆರಸ, ಗಂಟೆಗಟ್ಟಲೆ ನೆನೆ ಸರಿ. ನೀಲಿಗೆ ಉಗುರುಬೆಚ್ಚಗಿನ ಬರೀ ನೀರು, ಚಿಟಿಕೆ ಉಪ್ಪು. ಹುಳಿ ಕೂಡದು, ಕಲೆಸಿದ ಹತ್ತು–ಹದಿನೈದು ನಿಮಿಷದೊಳಗೆ ತಲೆಯ ಮೇಲಿರಬೇಕು. ಕಾದರೆ ನೀಲಿ ಬಟ್ಟಲಲ್ಲೇ ಮುಗಿದುಹೋಗುತ್ತದೆ.

ಮೀಸೆಯ ಬಣ್ಣ ವಾರಕ್ಕೇ ಹೋಗುತ್ತದೆ ಎನ್ನುವ ಗಂಡಸರು ದಿನಕ್ಕೆ ಮೂರು ಸಲ ಸೋಪಿನಿಂದ ಮುಖ ತೊಳೆಯುತ್ತಾರೆ. ಸ್ನಾನದ ಸೋಪಿನ ಪಿಎಚ್ 9ರಿಂದ 10, ಹೆಚ್ಚುಕಡಿಮೆ ಡೈಯದೇ ಮಟ್ಟ. ಅಲ್ಲಿ ಡೈ ಬದಲಿಸುವ ಬದಲು ಸೋಪು ಬದಲಿಸಿ ಫೇಸ್‌ವಾಶ್ ಹಿಡಿದರೆ ಹೆಚ್ಚು ಕೆಲಸವಾಗುತ್ತದೆ.

ಪದೇ ಪದೇ ಡೈ ಹಾಕುವುದರಲ್ಲಿ ಬಣ್ಣಕ್ಕೆ ಸಂಬಂಧಿಸದ ಅಪಾಯವೂ ಇದೆ. ಪಿಪಿಡಿ ಅಲರ್ಜಿ ಮೊದಲ ದಿನವೇ ಬರಬೇಕೆಂದಿಲ್ಲ. ಹತ್ತು ವರ್ಷ ಏನೂ ಆಗದವರಿಗೂ ಒಂದು ದಿನ ಶುರುವಾಗಬಹುದು. ಐರೋಪ್ಯ ಒಕ್ಕೂಟದಲ್ಲಿ ತಲೆಗೆ ತಾಗುವ ಮಿಶ್ರಣದಲ್ಲಿ ಅದು ಶೇ. 2 ಮೀರುವಂತಿಲ್ಲ. ಕಿವಿಯ ಹಿಂದೆ ಸ್ವಲ್ಪ ಹಚ್ಚಿ 48 ಗಂಟೆ ನೋಡುವ ಪರೀಕ್ಷೆಯನ್ನು ಬ್ರ್ಯಾಂಡ್ ಅದೇ ಇದ್ದರೂ ಪ್ರತಿ ಸಲ ಡೈ ಹಾಕುವ ಮೊದಲು ಮಾಡಿ. ಹಣೆಯಂಚಿನಲ್ಲಿ ತುರಿಕೆ, ಕಣ್ಣುರೆಪ್ಪೆ ಊತ ಕಂಡರೆ ತೊಳೆದು ವೈದ್ಯರಲ್ಲಿಗೆ ಹೋಗಿ, ಮತ್ತೆ ಅದನ್ನು ಮುಟ್ಟಬೇಡಿ. ಆಗ ‘ಕಪ್ಪು ಮೆಹಂದಿ’ಗೆ ಹೊರಳುವ ಮೊದಲು ಪೊಟ್ಟಣದ ಹಿಂಬದಿ ಓದಿ. ಮೆಹಂದಿ ಸೊಪ್ಪಿನಿಂದ ಕಪ್ಪು ಬರುವುದಿಲ್ಲ. ನೀಲಿಸೊಪ್ಪಿನ ಹೆಸರಿಲ್ಲದೆ ಒಂದೇ ಗಂಟೆಯಲ್ಲಿ ಕಡುಗಪ್ಪು ಕೊಡುವ ಪುಡಿಯಲ್ಲಿ ಹೆಚ್ಚಾಗಿ ಅದೇ ಪಿಪಿಡಿ ಇರುತ್ತದೆ.