ಮಾತು ನಿಂತರೆ ಬುದ್ಧಿ ಹೋದಂತಲ್ಲ: ಎಡಮಿದುಳಿನಲ್ಲಿ ಮಾತಿನ ಜಾಗ ಸಿಕ್ಕಿದ ಬಗೆ

ಲಕ್ವ ಹೊಡೆದು ಮಾತು ನಿಂತವರ ಎದುರಿಗೇ ಮನೆಯವರು ‘ಇವರಿಗೆ ಈಗ ಏನೂ ತಿಳಿಯೋದಿಲ್ಲ’ ಎಂದುಬಿಡುತ್ತಾರೆ. ಎಷ್ಟೋ ಸಲ ಆ ಮಾತು ಅವರಿಗೆ ಕೇಳಿಸಿ, ಅರ್ಥವೂ ಆಗಿರುತ್ತದೆ. ಮಾತು ಹೋಗುವುದೇ ಬೇರೆ, ಬುದ್ಧಿ ಹೋಗುವುದೇ ಬೇರೆ ಎಂಬುದು 1861ರಲ್ಲೇ ಪ್ಯಾರಿಸ್ಸಿನಲ್ಲಿ ಕಣ್ಣಿಗೆ ಕಟ್ಟುವಂತೆ ಕಂಡ ಸಂಗತಿ.

ಅದಕ್ಕೂ ಮೊದಲು ವೈದ್ಯರಲ್ಲಿ ಎರಡು ಪಕ್ಷಗಳಿದ್ದವು. ತಲೆಬುರುಡೆಯ ಉಬ್ಬುತಗ್ಗು ಮುಟ್ಟಿ ಗುಣ ಹೇಳಬಹುದು ಎಂದ ವಿಯೆನ್ನಾದ ಫ್ರಾನ್ಸ್ ಗಾಲ್. ಉಬ್ಬುಗಳ ವಿಚಾರ ಪೂರಾ ತಪ್ಪಾಗಿತ್ತು. ಮಿದುಳಿನ ಒಂದೊಂದು ಭಾಗಕ್ಕೆ ಒಂದೊಂದು ಕೆಲಸ ಎಂಬ ಊಹೆ ಮಾತ್ರ ಉಳಿಯಿತು. ಪಿಯರ್ ಫ್ಲೂರಾನ್ಸ್ ಪಾರಿವಾಳಗಳ ಮಿದುಳನ್ನು ಸ್ವಲ್ಪ ಸ್ವಲ್ಪವೇ ತೆಗೆದು ನೋಡಿ, ದೊಡ್ಡಮಿದುಳು ಇಡಿಯಾಗಿಯೇ ಕೆಲಸ ಮಾಡುತ್ತದೆ ಎಂದು ವಾದಿಸಿದ. ಆದರೆ ಮಾತಿನ ಪ್ರಶ್ನೆಗೆ ಪಾರಿವಾಳದಿಂದ ಉತ್ತರ ಸಿಗುವಂತಿರಲಿಲ್ಲ.

ಪ್ಯಾರಿಸ್ ಪಕ್ಕದ ಬಿಸೆತ್ರ್ ಆಸ್ಪತ್ರೆಯಲ್ಲಿ ಲೆಬೋರ್ನ್ ಎಂಬ ರೋಗಿಯಿದ್ದ. ಏನು ಕೇಳಿದರೂ ಆತನ ಬಾಯಿಂದ ಬರುತ್ತಿದ್ದದ್ದು ‘ತಾನ್, ತಾನ್’ ಅಷ್ಟೇ. ಸಿಟ್ಟು ನೆತ್ತಿಗೇರಿದಾಗ ಮಾತ್ರ ಒಂದು ಬೈಗುಳ ಸಲೀಸಾಗಿ ಹೊರಬೀಳುತ್ತಿತ್ತು. ಬಲಗಾಲಿಗೆ ಗ್ಯಾಂಗ್ರೀನ್ ಆಗಿ ಆತ ಶಸ್ತ್ರವೈದ್ಯ ಪಾಲ್ ಬ್ರೋಕಾನ ಬಳಿಗೆ ಬಂದ. ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು ಎಂದು ಬ್ರೋಕಾ ಕೇಳಿದಾಗ, ಎಡಗೈಯ ಐದೂ ಬೆರಳನ್ನು ನಾಲ್ಕು ಸಲ ಬಿಡಿಸಿ ತೋರಿಸಿ, ಕೊನೆಗೆ ಒಂದೇ ಬೆರಳೆತ್ತಿದ. 21 ವರ್ಷ. ಲೆಕ್ಕ ಸರಿಯಾಗಿತ್ತು.

1861ರ ಏಪ್ರಿಲ್ 17ರಂದು ಆತ ತೀರಿಕೊಂಡ. ಮಿದುಳು ತೆಗೆದು ನೋಡಿದರೆ, ಎಡಬದಿಯ ಫ್ರಾಂಟಲ್ ಲೋಬಿನಲ್ಲಿ, ಅಂದರೆ ಹಣೆಯ ಹಿಂದಿನ ಭಾಗದಲ್ಲಿ, ಕೋಳಿಮೊಟ್ಟೆ ಹಿಡಿಸುವಷ್ಟು ಕುಳಿ. ಹಾನಿಯ ನಡುಭಾಗ ಕೆಳಗಿನ, ಮೂರನೆಯ ಮಡಿಕೆಯಲ್ಲಿತ್ತು. ಅದೇ ವರ್ಷ ಐದೇ ಪದ ಉಳಿದಿದ್ದ ಲೆಲಾಂಗ್ ಎಂಬ ಮುದುಕನ ಮಿದುಳಿನಲ್ಲೂ ಹೆಚ್ಚುಕಡಿಮೆ ಅದೇ ಜಾಗ ಹಾಳಾಗಿತ್ತು. ಇಂಥವೇ ಸೇರುತ್ತಾ ಹೋಗಿ, ನಾವು ಮಾತಾಡುವುದು ಎಡಮಿದುಳಿನಿಂದ ಎಂದು 1865ರಲ್ಲಿ ಬ್ರೋಕಾ ಬರೆದ. ಬಲಗೈ ಬಳಸುವವರಲ್ಲಿ ಶೇ. 95ರಷ್ಟು ಮಂದಿಗೆ, ಎಡಚರಲ್ಲೂ ಶೇ. 70ರಷ್ಟು ಮಂದಿಗೆ ಇದು ನಿಜ.

1874ರಲ್ಲಿ 26 ವರ್ಷದ ಕಾರ್ಲ್ ವೆರ್ನಿಕೆ ಇನ್ನೊಂದು ಬಗೆಯನ್ನು ವಿವರಿಸಿದ. ಎಡಕಿವಿಯ ಮೇಲುಭಾಗಕ್ಕೆ ಸರಿಯಾಗಿ ಒಳಗಿರುವ ಟೆಂಪೊರಲ್ ಲೋಬಿನ ಮೇಲಿನ ಮಡಿಕೆಯ ಹಿಂಭಾಗ ಕೆಟ್ಟರೆ ಮಾತು ನಿಲ್ಲುವುದಿಲ್ಲ, ಧಾರಾಳವಾಗಿ ಹರಿಯುತ್ತದೆ. ಆದರೆ ಅದರಲ್ಲಿ ಅರ್ಥವಿರುವುದಿಲ್ಲ, ಇತರರ ಮಾತೂ ತಲೆಗೆ ಹೋಗುವುದಿಲ್ಲ.

ಈ ವ್ಯತ್ಯಾಸ ಇವತ್ತಿಗೂ ಜೀವ ಉಳಿಸುವ ವಿಷಯ. ಎರಡೂ ಜಾಗಕ್ಕೆ ರಕ್ತ ಬರುವುದು ಮಿಡ್ಲ್ ಸೆರೆಬ್ರಲ್ ಎಂಬ ಒಂದೇ ರಕ್ತನಾಳದ ಎರಡು ಕವಲುಗಳಿಂದ. ಮೇಲಿನ ಕವಲು ಕಟ್ಟಿಕೊಂಡರೆ ಮಾತಿನ ಜೊತೆಗೆ ಬಲಗೈ, ಬಲಮುಖವೂ ಸೋಲುತ್ತವೆ. ಲಕ್ವ ಎಂದು ಯಾರಿಗಾದರೂ ಹೊಳೆಯುತ್ತದೆ. ಕೆಳಗಿನ ಕವಲು ಕಟ್ಟಿಕೊಂಡಾಗ ಕೈಕಾಲು ಗಟ್ಟಿಯಾಗಿಯೇ ಇರಬಹುದು, ಮಾತಷ್ಟೇ ಅಡ್ಡಾದಿಡ್ಡಿ. ತಲೆ ಕೆಟ್ಟಿತು, ಗಾಳಿ ಸೋಕಿತು ಎಂದುಕೊಂಡು ಹೊತ್ತು ಕಳೆಯುವುದು ಇಲ್ಲೇ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವ ಸಮಯ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ಅದನ್ನು ಎಣಿಸುವುದು ರೋಗಿ ಕೊನೆಯ ಸಲ ಚೆನ್ನಾಗಿದ್ದ ಹೊತ್ತಿನಿಂದ. ಅದಕ್ಕೂ ಮೊದಲು ರಕ್ತಸ್ರಾವವಿಲ್ಲ ಎಂದು ಸಿ.ಟಿ. ಸ್ಕ್ಯಾನಿನಲ್ಲಿ ಖಚಿತವಾಗಬೇಕು.

ಅನುಮಾನ ಬಂದರೆ ‘ಕಣ್ಣು ಮುಚ್ಚಿ, ನಾಲಿಗೆ ಚಾಚಿ’ ಎಂದು ಹೇಳಿ ನೋಡಬೇಕು. ಸನ್ನೆ ಮಾಡಬಾರದು; ಮಾಡಿದರೆ ರೋಗಿ ನೋಡಿ ಅನುಕರಿಸುತ್ತಾನೆ, ಮಾತು ಅರ್ಥವಾಗದ್ದು ಮುಚ್ಚಿಹೋಗುತ್ತದೆ. ಆಮೇಲೆ ಒಂದು ವಾಕ್ಯ ಹೇಳಿ, ಅದನ್ನೇ ತಿರುಗಿ ಹೇಳಿಸಿ; ಪೆನ್ನು, ಚಮಚ ತೋರಿಸಿ ಹೆಸರು ಕೇಳಿ. ಯಾವುದು ತಪ್ಪಿದರೂ ತಡಮಾಡದೆ ಸಿ.ಟಿ. ಇರುವ ಆಸ್ಪತ್ರೆಗೆ ಹೊರಡಬೇಕು.

ಬ್ರೋಕಾ ಲೆಬೋರ್ನ್‌ನ ಮಿದುಳನ್ನು ಕೊಯ್ಯದೆ ಹಾಗೇ ಕಾಪಿಟ್ಟಿದ್ದ. ಅದು ದೊಡ್ಡ ಉಪಕಾರವಾಯಿತು. 2007ರಲ್ಲಿ ಪ್ರಕಟವಾದ ಎಂ.ಆರ್.ಐ. ಪರೀಕ್ಷೆಯಲ್ಲಿ, ಹಾನಿ ಮೇಲ್ಮೈಗಷ್ಟೇ ನಿಲ್ಲದೆ ಮಡಿಕೆಗಳ ಒಳಗೆ ಅಡಗಿರುವ ಇನ್ಸುಲಾ ಎಂಬ ಭಾಗವನ್ನೂ ಹಿಂದುಮುಂದಿನ ಭಾಗಗಳನ್ನು ಬೆಸೆಯುವ ನರತಂತುಗಳ ಕಟ್ಟನ್ನೂ ಮುಟ್ಟಿದ್ದು ಕಂಡಿತು. ಮಾತು ಒಂದೇ ಚುಕ್ಕೆಯಲ್ಲಿ ಕೂತಿಲ್ಲ, ಹಲವು ಜಾಗಗಳ ನಂಟಿನಲ್ಲಿದೆ.

ಮನೆಯವರು ಸಾಮಾನ್ಯವಾಗಿ ಎಡವುವುದು ಕಾಗದ, ಪೆನ್ನು ಕೊಟ್ಟು ‘ಬರೆದು ತೋರಿಸಿ’ ಎನ್ನುವಲ್ಲಿ. ಅಫೇಸಿಯಾದಲ್ಲಿ, ಅಂದರೆ ಮಿದುಳಿನ ಹಾನಿಯಿಂದ ಹೀಗೆ ಮಾತು ಕೆಟ್ಟಾಗ, ಕೆಡುವುದು ನಾಲಿಗೆಯಲ್ಲ, ಭಾಷೆ. ಬರವಣಿಗೆಯೂ ಸಾಮಾನ್ಯವಾಗಿ ಜೊತೆಗೇ ಕೆಡುತ್ತದೆ. ವಾರದ ಹೆಸರು, ಮಗ್ಗಿ, ಹಳೆಯ ಹಾಡು ಹಲವರಿಗೆ ಸುಲಭವಾಗಿ ಬರುತ್ತವೆ, ಲೆಬೋರ್ನ್‌ನ ಬೈಗುಳದಂತೆ. ಮನೆಯಲ್ಲಿ ತುಳು, ಹೊರಗೆ ಕನ್ನಡ ಆಡುತ್ತಿದ್ದವರಿಗೆ ಎರಡೂ ಒಂದೇ ಸಮ ಮರಳದೆ ಇರಬಹುದು. ಆದ್ದರಿಂದ ಮೊದಲಿಂದ ಆಡುತ್ತಿದ್ದ ಭಾಷೆಗಳೆಲ್ಲವನ್ನೂ ವಾಕ್ ಚಿಕಿತ್ಸಕರಿಗೆ ಹೇಳಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕ್ಷೇತ್ರದಲ್ಲಿದೆ. ಮನೆಯಲ್ಲಿ ಟಿ.ವಿ. ಆರಿಸಿ, ಎದುರು ಕೂತು, ಒಂದು ಸಲಕ್ಕೆ ಒಂದೇ ಪ್ರಶ್ನೆ: ‘ಕಾಫಿ ಬೇಕಾ, ನೀರು ಬೇಕಾ?’ ಲೋಟ ತೋರಿಸಿ, ಕಾಯಿರಿ. ಅವರ ವಾಕ್ಯವನ್ನು ನೀವೇ ಮುಗಿಸಬೇಡಿ.